ಆಷಾಢದ ನೆರಳು ನಂಜನಗೂಡಿನ ಕಡೆಗೆ

ನನ್ನ ಪ್ರಶ್ನೋತ್ತರಗಳಿಗೆ ನಜರ್‌ಬಾದಿನಲ್ಲಿ ಹೆಸರಿತ್ತು. ಜಂಬ ಕೊಚ್ಚಿಕೊಳ್ಳುತ್ತಿದ್ದೇನೆ ಅನ್ನಿಸಿದರೆ ಅನ್ನಿಸಲಿ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ. ಅಲ್ಲಿನ ಒಂದು ಸರ್ಕಾರಿ ಶಾಲೆಯಲ್ಲಿ ಇಪ್ಪತ್ತೈದು ವರ್ಷಗಳಿಂದ ಏಳನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಹೇಳಿಕೊಡುವುದು ಎಂದರೆ ಏನು ಎಂಬುದು ನಮ್ಮ ಶಾಲೆಗಳಲ್ಲಿ ಓದಿದ ಎಲ್ಲರಿಗೂ ಗೊತ್ತು. ಪಾಠವನ್ನು ಒಂದು ಸಲ ಓದಿಸುವುದು, ಆಮೇಲೆ ಬೋರ್ಡಿನ ಮೇಲೆ ಪ್ರಶ್ನೆ ಬರೆದು ಕೆಳಗೆ ಉತ್ತರವನ್ನೂ ಬರೆಯುವುದು. ಮಕ್ಕಳು ಅದನ್ನು ಬೈಂಡ್ ಹಾಕಿದ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ, ನಾವು ಕೆಂಪು ಶಾಯಿಯಲ್ಲಿ ರೈಟು ಹಾಕುತ್ತೇವೆ, ಅವರು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ನಮಗೇ ವಾಪಸ್ ಕೊಡುತ್ತಾರೆ. ಕೊಟ್ಟದ್ದು ಕೊಟ್ಟ ಹಾಗೆಯೇ ಬಂದರೆ ಪೂರ್ತಿ ಅಂಕ.

ಈ ಕೆಲಸದಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ನನ್ನ ಅಕ್ಷರ ದುಂಡಗೆ, ಉತ್ತರ ಚಿಕ್ಕದು, ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆ ಇಲ್ಲ. ಶಾಲೆಯ ಎದುರಿನ ಜೆರಾಕ್ಸ್ ಅಂಗಡಿಯವನು ನನ್ನ ನೋಟ್ಸನ್ನು ಪಿನ್ನು ಹೊಡೆದು ಸಿದ್ಧವಾಗಿಟ್ಟುಕೊಂಡಿರುತ್ತಿದ್ದ. ಅದು ಟ್ಯೂಷನ್ ಮನೆಗಳಿಗೆ ಹೋಗುತ್ತಿತ್ತು, ಬೇರೆ ಶಾಲೆಗಳ ಟೀಚರುಗಳ ಬ್ಯಾಗಿಗೂ ಹೋಗುತ್ತಿತ್ತು. ಹಳೆಯ ವಿದ್ಯಾರ್ಥಿಗಳು ಬಸ್ಸಿನಲ್ಲಿ ಸಿಕ್ಕಿದರೆ, "ಮಿಸ್, ನಿಮ್ಮ ಉತ್ತರ ಇವತ್ತಿಗೂ ಬಾಯಲ್ಲೇ ಇದೆ" ಎನ್ನುತ್ತಿದ್ದರು. ಬಾಯಲ್ಲೇ ಇದೆ ಎಂಬುದನ್ನು ನಾನು ಹೊಗಳಿಕೆ ಎಂದುಕೊಳ್ಳುತ್ತಿದ್ದೆ.

ನಡುವೆ ತರಬೇತಿಗಳು ಬಂದವು, ಹೋದವು. ಮಕ್ಕಳು ತಮ್ಮ ತಿಳಿವಳಿಕೆಯನ್ನು ತಾವೇ ಕಟ್ಟಿಕೊಳ್ಳುತ್ತಾರೆ, ನಾವು ಉತ್ತರ ಕೊಡಬಾರದು, ಪ್ರಶ್ನೆ ಹುಟ್ಟುವಂತೆ ಮಾಡಬೇಕು ಎಂದು ಅಲ್ಲಿ ಹೇಳುತ್ತಿದ್ದರು. ಹೇಳುವವರೂ ಅದನ್ನು ನಮಗೆ ಬರೆಸಿಯೇ ಹೇಳುತ್ತಿದ್ದರು! ನಾವು ಚಾರ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಮರದ ಚಿತ್ರ ಬಿಡಿಸಿ, ಎಲೆಗೊಂದು ಒಳ್ಳೆಯ ಮಾತು ಬರೆದು ಗೋಡೆಗೆ ಅಂಟಿಸಿ, ಚಹಾ ಬಿಸ್ಕತ್ತು ಮುಗಿಸಿ ಮನೆಗೆ ಬರುತ್ತಿದ್ದೆವು. ಒಂದು ಸಲ ಪಕ್ಕದಲ್ಲಿದ್ದವರ ಕಿವಿಯಲ್ಲಿ, "ಮಕ್ಕಳೇ ಕಟ್ಟಿಕೊಳ್ಳೋದಾದರೆ ನಾವು ಯಾಕ್ರೀ ಬೇಕು, ವಾಚ್‌ಮನ್ ಸಾಕಲ್ಲ" ಎಂದಿದ್ದೆ. ಅವರು ನಕ್ಕು ಹಿಂದಿನ ಬೆಂಚಿಗೂ ದಾಟಿಸಿದ್ದರು. ಮಾರನೆಯ ದಿನ ಶಾಲೆಗೆ ಬಂದು ನಾನು ಸೀಮೆಸುಣ್ಣ ಹಿಡಿದು ಮೊದಲಿನಂತೆಯೇ ಬರೆಸಿದೆ.

ಹೀಗಿರುವಾಗ ಆ ವರ್ಷದ ಜುಲೈ ತಿಂಗಳ ಕಿರುಪರೀಕ್ಷೆ ಬಂತು. ಬೆಳಕು ಮತ್ತು ನೆರಳು ಪಾಠ. ನನ್ನ ನೋಟ್ಸಿನ ನಾಲ್ಕನೆಯ ಪ್ರಶ್ನೆಯನ್ನೇ ಕೇಳಿದ್ದೆ: ಮಧ್ಯಾಹ್ನ ಹನ್ನೆರಡು ಗಂಟೆಗೆ ನೆರಳು ಏಕೆ ಬೀಳುವುದಿಲ್ಲ? ಎರಡು ಅಂಕ. ಬರಬೇಕಾದ ಉತ್ತರ: ಮಧ್ಯಾಹ್ನ ಹನ್ನೆರಡು ಗಂಟೆಗೆ ಸೂರ್ಯನು ನಮ್ಮ ನೆತ್ತಿಯ ಮೇಲಿರುತ್ತಾನೆ, ಆದ್ದರಿಂದ ನೆರಳು ಬೀಳುವುದಿಲ್ಲ. ಪಠ್ಯಪುಸ್ತಕದಲ್ಲಿ ಆ ಸಾಲು ಹಾಗೆ ಇರಲಿಲ್ಲ. ಮಕ್ಕಳಿಗೆ ಸುಲಭವಾಗಲಿ ಎಂದು ಎಷ್ಟೋ ವರ್ಷದ ಹಿಂದೆ ನಾನೇ ಕಟ್ಟಿದ ಸಾಲು ಅದು.

ಇಪ್ಪತ್ತಮೂರು ಮಕ್ಕಳಲ್ಲಿ ಇಪ್ಪತ್ತೆರಡು ಮಂದಿ ಕೊಟ್ಟದ್ದನ್ನು ಕೊಟ್ಟ ಹಾಗೇ ವಾಪಸ್ ಕೊಟ್ಟಿದ್ದರು. ಒಬ್ಬಳು ಮಾತ್ರ ಬೇರೆ ಬರೆದಿದ್ದಳು. ಮೂರನೆಯ ಸಾಲಿನ ಕಿಟಕಿ ಪಕ್ಕದಲ್ಲಿ ಕೂರುವ ಹುಡುಗಿ. ಅವಳ ಅಮ್ಮ ಊರಿನ ದಕ್ಷಿಣಕ್ಕಿರುವ ಚಾಮುಂಡಿ ಬೆಟ್ಟದ ಮೇಲೆ ಹೂವು, ತೆಂಗಿನಕಾಯಿ, ಅರಿಸಿನ ಕುಂಕುಮ ಇಟ್ಟುಕೊಂಡು ಮಾರುತ್ತಾಳೆ. ಆಷಾಢ ಶುಕ್ರವಾರಗಳಂದು ಬೆಟ್ಟ ಜನದಿಂದ ತುಂಬಿರುತ್ತದೆ, ಆ ದಿನ ಈ ಹುಡುಗಿ ಶಾಲೆಗೆ ಚಕ್ಕರ್. ಅದಕ್ಕೂ ನನಗೆ ಅವಳ ಮೇಲೆ ಸಿಟ್ಟಿತ್ತು. ಅವಳು ಬರೆದಿದ್ದದ್ದು ಇಷ್ಟೇ: "ನೆರಳು ಬೀಳುತ್ತದೆ. ಆಷಾಢದಲ್ಲಿ ನಂಜನಗೂಡಿನ ಕಡೆಗೆ, ದಸರಾದಲ್ಲಿ ಊರಿನ ಕಡೆಗೆ."

ನನ್ನ ಪಿತ್ತ ನೆತ್ತಿಗೇರಿತು. ಸೊನ್ನೆ ಹಾಕಿದೆ. ಹಾಕಿ ಸುಮ್ಮನಿರದೆ ಪಕ್ಕದಲ್ಲಿ ಕೆಂಪಕ್ಷರದಲ್ಲಿ, "ಕಟ್ಟುಕಥೆ ಬೇಡ" ಎಂದೂ ಬರೆದೆ.

ಸೋಮವಾರ ಬೆಳಗ್ಗೆ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಅವಳ ಅಮ್ಮ ಬಂದಳು. ಬೆಟ್ಟದ ಬಸ್ಸಿಳಿದು ನೇರ ಬಂದಿದ್ದಳು, ಬೆರಳುಗಳಲ್ಲಿ ಇನ್ನೂ ಕುಂಕುಮ. ಮುಖ ನೋಡಿದ ಕೂಡಲೇ ಗುರುತು ಸಿಕ್ಕಿತು. ಇಪ್ಪತ್ತು ವರ್ಷದ ಹಿಂದೆ ಅದೇ ಕೋಣೆಯಲ್ಲಿ, ನನ್ನ ಮುಂದೆಯೇ ಏಳನೇ ತರಗತಿ ಓದಿದವಳು. ಓದು ಅಲ್ಲಿಗೇ ನಿಂತಿತ್ತು.

"ಮಿಸ್, ನೀವು ಸೊನ್ನೆ ಕೊಟ್ಟಿದ್ಕೆ ನಾನು ಬರ್ಲಿಲ್ಲ. ಕಟ್ಟುಕಥೆ ಅಂತ ಬರ್ದ್ರಲ್ಲ, ಅದ್ಕೆ ಬಂದೆ. ನನ್ ಮಗ್ಳು ಸುಳ್ಳು ಏಳಲ್ಲ."

"ಹನ್ನೆರಡು ಗಂಟೆಗೆ ಸೂರ್ಯ ಎಲ್ಲಿರ್ತಾನೆ ಹೇಳಮ್ಮ. ನಿನಗೂ ನಾನೇ ಕಲಿಸಿದ್ದು."

"ಗೊತ್ತು ಮಿಸ್. ನಂಗೂ ನೀವೇ ಬರ್ಸಿದ್ರಿ. ನಾನೂ ಅಂಗೇ ಬರ್ದೆ, ಎರಡಕ್ಕೆ ಎರಡು ಬಂತು. ಆಮೇಲೆ ಬೆಟ್ಟದ ಮೇಲೆ ಅಂಗಡಿ ಇಟ್ಟೆ. ಆಷಾಢದಾಗೆ ಮಧ್ಯಾಹ್ನದ ಬಿಸ್ಲು ಊರ ಕಡೆಯಿಂದ ಒಡೀತದೆ. ಆ ಕಡೆ ಟಾರ್ಪಾಲು ಕಟ್ಲಿಲ್ಲ ಅಂದ್ರೆ ಹೂವೆಲ್ಲ ಬಾಡೋಯ್ತದೆ. ಗೌರಿ ಹಬ್ಬದ ಒತ್ತಿಗೆ ಅದನ್ನ ಬಿಚ್ಚಿ ಈ ಕಡೆಗೆ ಕಟ್ತೀನಿ. ದಸರಾದಾಗೆ ಬಿಸ್ಲು ನಂಜನಗೂಡ ಕಡೆಯಿಂದ. ಅನ್ನೆರಡು ವರ್ಷದಿಂದ ಇಂಗೇ ಕಟ್ತಾ ಇವ್ನಿ."

"ಹಾಗಿದ್ದರೆ ನಾನು ಬರೆಸಿದ್ದು ತಪ್ಪು ಅಂತ ನಿನಗೆ ಯಾವತ್ತೂ ಅನ್ನಿಸಲಿಲ್ವಾ?"

ಅವಳು ಬೆರಳಿನ ಕುಂಕುಮವನ್ನು ಸೆರಗಿಗೆ ಒರೆಸಿಕೊಂಡಳು. ಕೋಪ ಇಳಿದಿತ್ತು. "ಇಲ್ಲ ಮಿಸ್. ಅದು ಸ್ಕೂಲಿಂದು, ಇದು ಅಂಗಡಿದು ಅಂದ್ಕೊಂಡಿದ್ದೆ. ಎರಡೂ ಬ್ಯಾರೆ ಬ್ಯಾರೆ ಅಂತ."

ನಾನು ಏನೋ ಗದರಿ ಅವಳನ್ನು ಕಳಿಸಿಬಿಟ್ಟೆ. ಆದರೆ ಆ ಮಾತು ಹೋಗಲಿಲ್ಲ. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಕೂರಲಾಗದೆ ಮೈದಾನಕ್ಕೆ ಬಂದೆ. ಮಕ್ಕಳು ಥ್ರೋಬಾಲ್ ಆಡಲು ಬಲೆ ಕಟ್ಟುವ ಕಬ್ಬಿಣದ ಕಂಬ ಅಲ್ಲಿತ್ತು. ಮೋಡ ಸರಿದು ಬಿಸಿಲು ಬಿದ್ದಿತ್ತು. ಹನ್ನೆರಡೂವರೆಯ ಆಸುಪಾಸು. ಕಂಬದ ಬುಡದಿಂದ ಒಂದೂವರೆ ಅಡಿಯಷ್ಟು ಉದ್ದದ ನೆರಳು, ಬೆಟ್ಟದ ದಿಕ್ಕಿಗೆ, ದಕ್ಷಿಣಕ್ಕೆ, ಅಂದರೆ ನಂಜನಗೂಡಿನ ಕಡೆಗೆ, ನೆಟ್ಟಗೆ ಮಲಗಿತ್ತು.

ನಾನು ಆ ಮೈದಾನವನ್ನು ಇಪ್ಪತ್ತೈದು ವರ್ಷ ಮಧ್ಯಾಹ್ನದ ಹೊತ್ತಿನಲ್ಲಿ ದಾಟಿದ್ದೇನೆ. ಬಿಸಿಯೂಟದ ಸಾಲು ನೋಡಿಕೊಂಡಿದ್ದೇನೆ, ಗಲಾಟೆ ಮಾಡಿದವರನ್ನು ಅದೇ ಬಿಸಿಲಲ್ಲಿ ನಿಲ್ಲಿಸಿದ್ದೇನೆ. ಒಂದು ದಿನವಾದರೂ ಕೆಳಗೆ ನೋಡಿದ್ದರೆ ಸಾಕಿತ್ತು. ನೋಡಲಿಲ್ಲ, ಯಾಕೆಂದರೆ ಉತ್ತರ ನನಗೆ ಗೊತ್ತಿತ್ತು. ಆಮೇಲೆ ಲೆಕ್ಕ ಹಾಕಿದೆ, ಎಷ್ಟು ತಂಡದ ಮಕ್ಕಳಿಗೆ ಈ ಸಾಲು ಬರೆಸಿದ್ದೇನೆ ಎಂದು. ಜೆರಾಕ್ಸ್ ಪ್ರತಿಗಳ ನೆನಪು ಬಂದ ಮೇಲೆ ಲೆಕ್ಕವನ್ನು ಅಲ್ಲಿಗೇ ಬಿಟ್ಟೆ.

ಹಾಗಂತ ನಾನು ಅಷ್ಟು ಸುಲಭಕ್ಕೆ ಬಗ್ಗುವ ಹೆಂಗಸಲ್ಲ. ಮಾರನೆಯ ದಿನ ತರಗತಿಯಲ್ಲಿ ಹೇಳಿದೆ: "ಇವಳು ಬರೆದದ್ದು ಒಂದು, ನಾನು ಬರೆಸಿದ್ದು ಒಂದು. ನಿನ್ನೆ ನಾನು ನೋಡಿದಾಗ ನೆರಳು ಇತ್ತು. ಆದರೆ ಒಂದು ದಿನ ನೋಡಿ ತೀರ್ಮಾನ ಮಾಡಕ್ಕಾಗಲ್ಲ."

"ಹಾಗಾದ್ರೆ ತುಂಬ ದಿನ ನೋಡೋಣ ಮಿಸ್" ಎಂದಳು ಕಿಟಕಿ ಪಕ್ಕದವಳು. ಧ್ವನಿ ಮೆಲ್ಲಗಿತ್ತು, ಆದರೆ ಕೂತೇ ಹೇಳಿದಳು. ಎದ್ದು ನಿಲ್ಲುವುದನ್ನು ಮರೆತಿದ್ದಳು. ನಾನು ನೆನಪಿಸಲಿಲ್ಲ.

ಒಪ್ಪಂದವಾಯಿತು. ನೆರಳು ನಿಜವಾಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗಿದರೆ, ನಾನು ಎಲ್ಲರೆದುರು ನನ್ನ ನೋಟ್ಸಿನ ಆ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಬೇಕು, ಅವಳ ಎರಡು ಅಂಕ ಅವಳಿಗೆ ಕೊಡಬೇಕು. ಅಲ್ಲಿಯವರೆಗೆ ಈ ಪಾಠಕ್ಕೆ ಪ್ರಶ್ನೋತ್ತರ ಇಲ್ಲ. ಕೊನೆಯ ಮಾತು ಕೇಳಿ ಮಕ್ಕಳು ಚಪ್ಪಾಳೆ ತಟ್ಟಿದರು.

ಪ್ರತಿ ಬುಧವಾರ ಅಳೆಯುವುದು ಎಂದು ಗೊತ್ತುಮಾಡಿದೆವು. ಶುಕ್ರವಾರವಾದರೆ ಅವಳು ಬೆಟ್ಟದಲ್ಲಿರುತ್ತಾಳಲ್ಲ! ಮೊದಲ ಬುಧವಾರವೇ ಜಗಳ. ನೆರಳು ಗಳಿಗೆಗಳಿಗೆಗೂ ಜರುಗುತ್ತದೆ, ಯಾವುದನ್ನು ಮಧ್ಯಾಹ್ನದ ನೆರಳು ಎನ್ನುವುದು? ಹನ್ನೆರಡು ಹೊಡೆದಾಗ ಅದು ಇನ್ನೂ ಓರೆಯಾಗಿ ಪಶ್ಚಿಮಕ್ಕೆ, ಅರಮನೆಯ ದಿಕ್ಕಿಗೂ ಸ್ವಲ್ಪ ವಾಲಿತ್ತು. ಐದೈದು ನಿಮಿಷಕ್ಕೆ ಒಂದು ಗುರುತು ಹಾಕಿದರು. ನೆರಳು ಅತಿ ಚಿಕ್ಕದಾಗಿ ಬೆಟ್ಟಕ್ಕೆ ನೇರವಾದದ್ದು ಹನ್ನೆರಡೂವರೆಗೆ ಒಂದೆರಡು ನಿಮಿಷ ಮುಂಚೆ. "ಗಡಿಯಾರ ತಪ್ಪಾ ಮಿಸ್?" ಎಂದು ಕೇಳಿದರು. ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ತರಗತಿಯಲ್ಲಿ, "ನನಗೆ ಗೊತ್ತಿಲ್ಲ" ಎಂದೆ. ಆಕಾಶ ಬೀಳಲಿಲ್ಲ. ಅವರೇ ಭೂಪಟದ ಪುಸ್ತಕ ಹಿಡಿದು ಎರಡು ದಿನ ಕಿತ್ತಾಡಿ, ಇಡೀ ದೇಶಕ್ಕೆ ಒಂದೇ ಗಡಿಯಾರ, ಅದನ್ನು ಹೊಂದಿಸಿರುವುದು ನಮಗಿಂತ ಎಷ್ಟೋ ಪೂರ್ವದ ಊರುಗಳಿಗೆ, ಸೂರ್ಯ ಅವರನ್ನು ದಾಟಿ ನಮ್ಮಲ್ಲಿಗೆ ಬರುವುದು ತಡ ಎಂದು ಕಂಡುಕೊಂಡರು. ಆ ಹೊತ್ತಿಗೆ "ನೆರಳಿನ ಹನ್ನೆರಡು" ಎಂದು ಹೆಸರಿಟ್ಟರು. ನಾನು ಇಟ್ಟ ಹೆಸರಲ್ಲ ಅದು.

ಸೀಮೆಸುಣ್ಣದ ಗುರುತು ಜುಲೈನ ಸೋನೆಗೆ ಅಳಿಸಿಹೋಗುತ್ತಿತ್ತು. ಸೋಡಾ ಬಾಟಲಿಯ ಮುಚ್ಚಳಕ್ಕೆ ಮೊಳೆ ಹೊಡೆದು ನೆಲಕ್ಕೆ ಕೂರಿಸಿದರು. ವಾರಕ್ಕೊಂದು ಮುಚ್ಚಳ. ಕಂಬ ಓರೆಯಾಗಿದ್ದರೆ ಲೆಕ್ಕವೇ ತಪ್ಪು ಎಂದು ಒಬ್ಬಳಿಗೆ ಹೊಳೆಯಿತು. ಅವಳಪ್ಪ ಗಾರೆ ಕೆಲಸದವರು. ಗೋಡೆ ನೆಟ್ಟಗಿದೆಯೇ ಎಂದು ನೋಡಲು ಅವರು ಇಳಿಬಿಡುವ ದಾರದ ಗುಂಡನ್ನು ತಂದು ಕಂಬಕ್ಕೆ ಹಿಡಿದಳು. ಕಂಬ ವಾಲಿತ್ತು. ಬುಡಕ್ಕೆ ಕಲ್ಲು ಬಡಿದು, ಕಂಬವನ್ನು ತಳ್ಳಿ ನೆಟ್ಟಗೆ ಮಾಡಿ, ಮೊದಲ ಮುಚ್ಚಳ ಕಿತ್ತು ಮತ್ತೆ ಶುರುಮಾಡಿದರು. ನಾನು ದೂರ ನಿಂತು ನೋಡುತ್ತಿದ್ದೆ. ಕೈ ಸುಮ್ಮನೆ ಕಟ್ಟಿಕೊಂಡು ನಿಲ್ಲುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು. ನಾಲಿಗೆಯ ತುದಿಗೆ ಬಂದ ಉತ್ತರವನ್ನು ನುಂಗುವುದಂತೂ ಬರೆಸುವುದಕ್ಕಿಂತ ಹತ್ತು ಪಾಲು ಕಷ್ಟ.

ಎರಡನೆಯ ವಾರಕ್ಕೆ ಎರಡು ಮುಚ್ಚಳಗಳ ನಡುವೆ ಒಂದೂವರೆ ಬೆರಳಷ್ಟು ಜಾಗ. ನೆರಳು ಕಂಬದ ಕಡೆಗೆ ಸರಿಯುತ್ತಿತ್ತು. ಮೊದಲ ಬೆಂಚಿನ ಜಾಣೆಯೊಬ್ಬಳು, ವಾರಕ್ಕೆ ಇಷ್ಟಾದರೆ ಪೂರ್ತಿ ಮುಗಿಯಲು ಎಷ್ಟು ವಾರ ಎಂದು ಗುಣಿಸಿ ಭಾಗಿಸಿ, "ನೆರಳು ಪೂರ್ತಿ ಹೋಗೋದು ದಸರಾ ರಜೆಯಲ್ಲಿ ಮಿಸ್" ಎಂದಳು. ಲೆಕ್ಕ ಚೊಕ್ಕವಾಗಿತ್ತು. ಎಲ್ಲರೂ ಒಪ್ಪಿದರು. ನಾನೂ ಒಪ್ಪಿದ್ದೆ.

"ಆಗಲ್ಲ" ಎಂದಳು ಕಿಟಕಿ ಪಕ್ಕದವಳು. "ದಸರಾ ಹೊತ್ತಿಗೆ ನೆರಳು ಆಗ್ಲೇ ಊರಿನ ಕಡೆ ತಿರುಗಿರುತ್ತೆ. ನಮ್ಮಮ್ಮ ಗೌರಿ ಹಬ್ಬಕ್ಕೇ ಟಾರ್ಪಾಲು ಬದಲಾಯಿಸ್ತಾಳೆ."

"ಲೆಕ್ಕ ಸರಿ ಇದೆಯಲ್ಲೇ?" ಎಂದಳು ಮೊದಲ ಬೆಂಚಿನವಳು.

"ಲೆಕ್ಕ ಸರಿ ಇದ್ರೆ ಟಾರ್ಪಾಲು ತಪ್ಪಾ?"

ಮುಂದಿನ ಮುಚ್ಚಳಗಳು ಉತ್ತರ ಹೇಳಿದವು. ಜಾಗ ಹೆಚ್ಚುತ್ತಾ ಹೋಯಿತು: ಎರಡು ಬೆರಳು, ಮೂರು, ಮೂರೂವರೆ. ನೆರಳು ಒಂದೇ ನಡಿಗೆಯಲ್ಲಿ ನಡೆಯುತ್ತಿರಲಿಲ್ಲ, ವಾರವಾರವೂ ಬಿರುಸಾಗುತ್ತಿತ್ತು. ಮೊದಲ ಬೆಂಚಿನವಳೇ ತನ್ನ ಲೆಕ್ಕವನ್ನು ಹೊಡೆದುಹಾಕಿ ಹೊಸದಾಗಿ ಮಾಡಿದಳು. ಅವಳ ಮುಖದಲ್ಲಿ ಸೋತ ಬೇಸರ ಇರಲಿಲ್ಲ. ಅದೇ ವಾರ ಇನ್ನೊಬ್ಬಳು ಅಜ್ಜಿಯ ಪಂಚಾಂಗದ ಮಾತು ತೆಗೆದಳು: "ದಕ್ಷಿಣಾಯನ ಅಂತಾರಲ್ಲ ಮಿಸ್, ಇದೇನಾ ಅದು? ಸೂರ್ಯ ಈಗ ನಮ್ಮ ಉತ್ತರಕ್ಕಿದ್ದಾನೆ, ದಸರಾಗೆ ದಕ್ಷಿಣಕ್ಕೆ. ಹಾಗಾದ್ರೆ ನಡುವೆ ಒಂದು ದಿನ ನಮ್ಮ ತಲೆ ಮೇಲೇ ಹಾದು ಹೋಗ್ಬೇಕು. ಅವತ್ತು ನೆರಳೇ ಇರಲ್ಲ." ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು.

ನನ್ನ ಸಾಲು ಪೂರ್ತಿ ಸುಳ್ಳಲ್ಲ, ಯಾವುದೋ ಒಂದು ದಿನಕ್ಕೆ ನಿಜ ಎಂದು ಆಗ ತಿಳಿದು ನನಗೆ ಹೊಟ್ಟೆಗೆ ಹಾಲು ಹುಯ್ದಂತಾಯಿತು. ಉಳಿದ ದಿನಗಳ ಗತಿ ಏನು ಎಂದು ಕೇಳಬೇಡಿ.

ಆದರೆ ಹೊರಗೆ ಗುಸುಗುಸು ಶುರುವಾಗಿತ್ತು. ಪೋಷಕರ ವಾಟ್ಸಾಪ್ ಗುಂಪಿನಲ್ಲಿ, ಏಳನೇ ತರಗತಿ ವಿಜ್ಞಾನದ ನೋಟ್‌ಬುಕ್ ಖಾಲಿ, ಮಿಸ್ಸು ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸುತ್ತಾರೆ ಎಂದು ಬಂತು. ನನ್ನ ನೋಟ್ಸಿಗಾಗಿಯೇ ಮಕ್ಕಳನ್ನು ಈ ಶಾಲೆಗೆ ಸೇರಿಸಿದವರಿದ್ದರು, ಅವರ ಮಾತಿನಲ್ಲೂ ನ್ಯಾಯವಿತ್ತು. ನಮ್ಮ ಮುಖ್ಯೋಪಾಧ್ಯಾಯಿನಿಗೆ ನಿವೃತ್ತಿಗೆ ಒಂದೂವರೆ ವರ್ಷ ಉಳಿದಿತ್ತು, ಯಾವ ತಕರಾರೂ ಇಲ್ಲದೆ ಹೋದರೆ ಸಾಕಾಗಿತ್ತು. ಆಗಸ್ಟ್ ಮೊದಲ ವಾರದಲ್ಲಿ ಶಿಕ್ಷಣಾಧಿಕಾರಿಗಳು ಭೇಟಿಗೆ ಬಂದಾಗ, ದೂರು ಅವರ ಕಿವಿಗೆ ಮೊದಲೇ ಬಿದ್ದಿತ್ತು.

ಅವರು ನೋಟ್‌ಬುಕ್ಕು ತೆರೆದರು. ಪ್ರಶ್ನೆ ಇಲ್ಲ, ಉತ್ತರ ಇಲ್ಲ. ಕಂಬದ ಚಿತ್ರ, ಮುಚ್ಚಳದ ಚಿತ್ರ, ಬೆರಳಿನ ಅಳತೆ, ಹೊಡೆದುಹಾಕಿದ ಲೆಕ್ಕ, ಪಕ್ಕದಲ್ಲಿ "ಇದು ಯಾಕೆ ತಪ್ಪಾಯ್ತು?" ಎಂಬ ಬರಹ.

"ಏನು ಮೇಡಂ ಇದು, ಬರೀ ಚಿತ್ತು ಕಾಟು! ನಿಮ್ಮ ನೋಟ್ಸನ್ನ ನಾನು ಬೇರೆ ಶಾಲೆಗಳಲ್ಲಿ ತೋರಿಸ್ತಿದ್ದೆ."

"ಸರ್, ಆ ನೋಟ್ಸಲ್ಲಿ ತಪ್ಪಿದೆ" ಎಂದೆ. ಮುಖ್ಯೋಪಾಧ್ಯಾಯಿನಿ ಕಣ್ಣು ಮುಚ್ಚಿಕೊಂಡರು.

ಏನು ತಪ್ಪು ಎಂದು ನಾನು ಹೇಳುವ ಮೊದಲೇ ಮಕ್ಕಳು ಹೇಳತೊಡಗಿದರು. ಅಧಿಕಾರಿಗಳು ಅರ್ಧ ಕೇಳಿದರು, ಅರ್ಧ ನಕ್ಕರು. ಕೆಟ್ಟ ಮನುಷ್ಯರಲ್ಲ. ಕೊನೆಗೆ ಅಂದರು: "ಸರಿ. ನೆರಳಿಲ್ಲದ ದಿನ ಯಾವುದು ಅಂತ ಈ ಮಕ್ಕಳೇ ಮುಂಚಿತವಾಗಿ ಹೇಳಲಿ. ಆ ದಿನ ನಾನೇ ಬಂದು ನೋಡ್ತೀನಿ. ಹೇಳಿದ ಹಾಗಾದರೆ ಇಡೀ ವರ್ಷ ನಿಮ್ಮ ಇಷ್ಟದಂತೆ ಪಾಠ ಮಾಡಿ, ನಾನು ಕೇಳಲ್ಲ. ಆಗಲಿಲ್ಲ ಅಂದರೆ ಮಾರನೇ ದಿನದಿಂದ ಪ್ರಶ್ನೋತ್ತರ ಬರೆಸ್ಬೇಕು, ಬಿಟ್ಟದ್ದೆಲ್ಲ ಸೇರಿಸಿ."

ಅವರು ಹೋದ ಮೇಲೆ ಮುಖ್ಯೋಪಾಧ್ಯಾಯಿನಿ, "ನಿಮಗೇನ್ರೀ ಬಂದಿತ್ತು, ತಪ್ಪಿದೆ ಅಂತ ಬಾಯಿ ಬಿಟ್ಟು ಹೇಳೋದಕ್ಕೆ?" ಎಂದರು. ನನಗೂ ಗೊತ್ತಿರಲಿಲ್ಲ. ಆದರೆ ಹೇಳಿದ ಮೇಲೆ ಎದೆ ಹಗುರಾಗಿತ್ತು.

ಸ್ವಾತಂತ್ರ್ಯ ದಿನಾಚರಣೆಯ ಹಿಂದಿನ ದಿನ ಮಕ್ಕಳು ಕೂತು ತೀರ್ಮಾನಿಸಿದರು. ಅವರು ಕೊಟ್ಟದ್ದು ಒಂದು ದಿನವಲ್ಲ, ಎರಡು: ಮುಂದಿನ ಮಂಗಳವಾರ ಅಥವಾ ಬುಧವಾರ. ಅಧಿಕಾರಿಗಳಿಗೆ ಫೋನ್ ಮಾಡಿದಾಗ, "ಒಂದು ಹೇಳಲಿ" ಎಂದರು. "ಕಂಬದ ದಪ್ಪದ ಒಳಗೇ ನೆರಳು ಅಡಗಿದ್ರೆ ನಮಗೆ ಕಾಣಲ್ಲ ಸರ್, ಅದಕ್ಕೆ ಎರಡು ದಿನ" ಎಂದು ಕಿಟಕಿ ಪಕ್ಕದವಳು ನನ್ನ ಫೋನಿನಲ್ಲೇ ವಿವರಿಸಿದಳು. ಅಧಿಕಾರಿಗಳು ಒಪ್ಪಿಕೊಂಡು, "ಬುಧವಾರ ಬರ್ತೀನಿ" ಎಂದರು.

ಮಂಗಳವಾರ ಇಡೀ ದಿನ ಮೋಡ. ಆ ರಾತ್ರಿ ನಾನು ಉಂಡದ್ದು ಏನೆಂದು ನೆನಪಿಲ್ಲ. ಬುಧವಾರ ಬೆಳಗ್ಗೆ ಎದ್ದು ಹಿತ್ತಿಲಿಗೆ ಹೋಗಿ ನೋಡಿದರೆ ನಿಚ್ಚಳ ಬಿಸಿಲು.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಅಧಿಕಾರಿಗಳ ಜೀಪು ಬಂತು. ದೂರು ಹೇಳಿದ್ದ ಪೋಷಕರೂ ಏಳೆಂಟು ಜನ ಬಂದಿದ್ದರು. ಹೂವಿನ ಅಂಗಡಿಗೆ ಪಕ್ಕದವಳನ್ನು ಕೂರಿಸಿ ಹುಡುಗಿಯ ಅಮ್ಮನೂ ಬೆಟ್ಟ ಇಳಿದು ಬಂದಿದ್ದಳು. ಎಲ್ಲರೂ ಕಂಬದ ಸುತ್ತ ನಿಂತರು. ಹನ್ನೆರಡು ಹೊಡೆಯಿತು. ಅಧಿಕಾರಿಗಳು ಕೈಗಡಿಯಾರ ನೋಡಿದರು, ನೆಲ ನೋಡಿದರು. ಪೂರ್ವದಿಂದ ಬರುತ್ತಿದ್ದ ಸೂರ್ಯ ಕಂಬದ ನೆರಳನ್ನು ಅರಮನೆಯ ದಿಕ್ಕಿಗೆ ಒಂದು ಅಡಿಯಷ್ಟು ಚಾಚಿದ್ದ.

"ನೆರಳು ಇದೆಯಲ್ಲ ಮೇಡಂ" ಎಂದರು. ಪೋಷಕರೊಬ್ಬರು, "ನಾನು ಹೇಳ್ಲಿಲ್ವಾ?" ಎಂದು ಪಕ್ಕದವರ ಕಡೆ ತಿರುಗಿದರು. ಅಧಿಕಾರಿಗಳು ಜೀಪಿನ ಕಡೆ ಎರಡು ಹೆಜ್ಜೆ ಇಟ್ಟೂ ಬಿಟ್ಟರು. ಉತ್ತರ ಹೇಳಲು ನಾನು ಮುಂದೆ ಬಂದೆ. ಅಷ್ಟರಲ್ಲಿ ಇಪ್ಪತ್ತಮೂರು ಬಾಯಿಗಳು ಒಟ್ಟಿಗೆ ಕೂಗಿದವು: "ಸಾರ್, ಇನ್ನೂ ನೆರಳಿನ ಹನ್ನೆರಡು ಆಗಿಲ್ಲ!"

"ಏನದು?"

"ಇಪ್ಪತ್ತೇಳು ನಿಮಿಷ ಬೇಕು ಸಾರ್. ಸೂರ್ಯ ಇನ್ನೂ ನಮ್ಮಲ್ಲಿಗೆ ಬಂದಿಲ್ಲ" ಎಂದಳು ಗಾರೆ ಕೆಲಸದವರ ಮಗಳು, ಭೂಪಟದ ಪುಸ್ತಕ ಬಿಚ್ಚುತ್ತಾ. ಕಾಯುವ ಆ ಇಪ್ಪತ್ತೇಳು ನಿಮಿಷ ಮಕ್ಕಳು ಅವರಿಗೆ ಪಾಠ ಮಾಡಿದರು. ಒಬ್ಬಳು ಮುಚ್ಚಳಗಳನ್ನು ತೋರಿಸಿದಳು, ಇನ್ನೊಬ್ಬಳು ದಾರದ ಗುಂಡು ಇಳಿಬಿಟ್ಟಳು, ಮೊದಲ ಬೆಂಚಿನವಳು ತನ್ನ ತಪ್ಪು ಲೆಕ್ಕವನ್ನೇ ಮೊದಲು ತೋರಿಸಿ ಅದು ಯಾಕೆ ತಪ್ಪು ಎಂದು ಹೇಳಿದಳು. ಅಧಿಕಾರಿಗಳು ಟೋಪಿ ತೆಗೆದು ಬಗ್ಗಿ ನೆಲ ನೋಡತೊಡಗಿದರು. ಹನ್ನೆರಡೂ ಹತ್ತಕ್ಕೆ ನೆರಳು ಅರ್ಧವಾಗಿತ್ತು. ಹನ್ನೆರಡೂ ಇಪ್ಪತ್ತಕ್ಕೆ ಮೂರು ಬೆರಳು. ಇಪ್ಪತ್ತೈದಕ್ಕೆ ಕಂಬದ ಬುಡದಲ್ಲಿ ಒಂದು ಕಪ್ಪು ಅಂಚು ಮಾತ್ರ. ಆಮೇಲೆ ಅದೂ ಒಳಗೆ ಸೇರಿಹೋಯಿತು.

ಕಂಬ ಬಿಸಿಲಲ್ಲಿ ನಿಂತಿತ್ತು, ನೆರಳಿಲ್ಲ. ಎಲ್ಲರೂ ತಮ್ಮ ತಮ್ಮ ಕಾಲ ಬುಡ ನೋಡಿಕೊಂಡರು. ಮುಖ್ಯೋಪಾಧ್ಯಾಯಿನಿ ಹಿಂದೆ ಮುಂದೆ ತಮ್ಮ ನೆರಳು ಹುಡುಕುತ್ತಾ ಸೆರಗು ಹಿಡಿದು ಒಂದು ಸುತ್ತು ತಿರುಗಿದರು. ಮಕ್ಕಳು ಕಿರುಚಿದ ಕಿರುಚಾಟಕ್ಕೆ ರಸ್ತೆಯಲ್ಲಿ ಹೋಗುತ್ತಿದ್ದ ಆಟೋಗಳು ನಿಂತವು. ನಾನು ಅತ್ತುಬಿಟ್ಟೆ. ಅಳು ಮುಚ್ಚಿಡಲು ಪ್ರಯತ್ನವನ್ನೂ ಮಾಡಲಿಲ್ಲ. ಅಷ್ಟು ಸಂತೋಷ ನನ್ನ ಕೆಲಸದಲ್ಲಿ ಅದಕ್ಕೆ ಮುಂಚೆ ಒಂದು ದಿನವೂ ಆಗಿರಲಿಲ್ಲ.

ಮಕ್ಕಳು ಕಾಟು ಹೊಡೆದು ಗೀಚಿದ್ದ ನೋಟ್‌ಬುಕ್ಕುಗಳಲ್ಲಿ ಒಂದನ್ನು ಅಧಿಕಾರಿಗಳು ಕೇಳಿ ಪಡೆದರು. "ಇದನ್ನ ಬೇರೆ ಶಾಲೆಗಳಲ್ಲಿ ತೋರಿಸ್ತೀನಿ" ಎಂದರು. ಪ್ರಶ್ನೋತ್ತರದ ಮಾತು ಅವರ ಬಾಯಲ್ಲಿ ಮತ್ತೆ ಬರಲಿಲ್ಲ.

ನೆರಳು ಊರಿನ ಕಡೆ ತಿರುಗುವವರೆಗೂ ಕಾಯದೆ, ತರಗತಿಗೆ ಬಂದು ಒಪ್ಪಂದದಂತೆ ನನ್ನ ಹಳೆಯ ನೋಟ್ಸು ತೆರೆದೆ. ಕೆಂಪು ಪೆನ್ನಿನಿಂದ ನಾಲ್ಕನೆಯ ಪ್ರಶ್ನೆಯನ್ನೂ ಉತ್ತರವನ್ನೂ ಹೊಡೆದುಹಾಕಿದೆ. ಆಮೇಲೆ ಅವಳ ಪರೀಕ್ಷೆಯ ಹಾಳೆ ತೆಗೆದು, "ಕಟ್ಟುಕಥೆ ಬೇಡ" ಎಂದಿದ್ದುದನ್ನು ಹೊಡೆದು, ಸೊನ್ನೆಯ ಮೇಲೆ ಎರಡು ಬರೆಯಲು ಹೊರಟೆ. ಬಾಗಿಲಲ್ಲಿ ನಿಂತಿದ್ದ ಅವಳಮ್ಮ ನಕ್ಕಳು: "ಮಿಸ್, ನಂಗೆ ಅವಾಗ ಕೊಟ್ಟಿದ್ದ ಎರಡು ಮಾರ್ಕ್ಸ್ ವಾಪಸ್ ತಗೊಂಬುಡಿ. ಅದನ್ನೇ ಅವ್ಳಿಗೆ ಕೊಡಿ."

"ನನಗೆ ಎರಡು ಬೇಡ ಮಿಸ್" ಎಂದಳು ಹುಡುಗಿ.

"ಯಾಕೆ?"

"ಪ್ರಶ್ನೆಯಲ್ಲಿ 'ಏಕೆ' ಅಂತ ಇತ್ತು. ನಾನು ಎಲ್ಲಿ ಬೀಳುತ್ತೆ ಅಂತ ಮಾತ್ರ ಬರೆದಿದ್ದೆ. ಯಾಕೆ ಅಂತ ಆಗ ಗೊತ್ತಿರಲಿಲ್ಲ. ಒಂದು ಕೊಡಿ."

ನಾನು ವಾದ ಮಾಡಿದೆ. ಒಪ್ಪಂದ ಎಂದೆ, ಗದರಿದೆ. ಅವಳು ಜಪ್ಪಯ್ಯ ಎನ್ನಲಿಲ್ಲ. "ಸಂಕ್ರಾಂತಿ ಆದ್ಮೇಲೆ ಸೂರ್ಯ ವಾಪಸ್ ಬರ್ತಾನಲ್ಲ ಮಿಸ್, ಹೋದ ದಾರಿಯಲ್ಲೇ. ಆಗ ಇನ್ನೊಂದು ಸಲ ನೆರಳು ಹೋಗ್ಬೇಕು. ಯಾವತ್ತು ಅಂತ ಲೆಕ್ಕ ಹಾಕಿ, ಯಾಕೆ ಅಂತ ಬರ್ಕೊಂಡು ಬಂದು ಆಗ ಇನ್ನೊಂದು ತಗೊಳ್ತೀನಿ." ಒಂದು ಅಂಕ ಹಾಕಿ ಸಹಿ ಮಾಡಿದೆ.

ಅವಳ ಲೆಕ್ಕದ ಪ್ರಕಾರ ಆ ದಿನ ಬಿದ್ದದ್ದು ಏಪ್ರಿಲ್ ಕೊನೆಯಲ್ಲಿ, ಬೇಸಿಗೆ ರಜೆಯ ನಡುವೆ. ಅಷ್ಟು ಹೊತ್ತಿಗೆ ವಾರ್ಷಿಕ ಪರೀಕ್ಷೆ ಮುಗಿದಿತ್ತು, ಅಂಕಪಟ್ಟಿ ಕೊಟ್ಟಾಗಿತ್ತು, ಆ ಮಕ್ಕಳು ಎಂಟನೇ ತರಗತಿಗೆ ಬೇರೆ ಶಾಲೆಗಳಿಗೆ ಹೊರಟಿದ್ದರು. ಆ ಒಂದು ಅಂಕ ಇನ್ನು ಯಾವ ಲೆಕ್ಕಕ್ಕೂ ಸೇರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಮನೆಯಲ್ಲಿ ಕೂತಿರಲಾರದೆ ಹನ್ನೊಂದೂವರೆಗೆ ಶಾಲೆಯ ಬೀಗದ ಕೈ ತೆಗೆದುಕೊಂಡು ಹೊರಟೆ. ಒಬ್ಬಳಾದರೂ ಬಂದಾಳು ಅಂದುಕೊಂಡಿದ್ದೆ.

ಮೂಲೆ ತಿರುಗಿದಾಗ ಗೇಟಿನ ಮುಂದೆ, ಕಾದ ಬಿಸಿಲಲ್ಲಿ, ಇಪ್ಪತ್ತಮೂರು ಮಂದಿಯೂ ನಿಂತಿದ್ದರು. ಎಲ್ಲರ ಕೈಯಲ್ಲೂ ಒಂದೊಂದು ಹಾಳೆ ಇತ್ತು. ಬ್ಯಾಗಿಗೆ ಕೈಹಾಕಿ ಕೆಂಪು ಪೆನ್ನು ಹುಡುಕುತ್ತಾ ನಾನು ಓಡಿದೆ.